ಭರಣಿ ಮಳೆಯ ಮರುದಿನ ಗುದ್ದಲಿ ಹಿಡಿಯಬೇಡಿ

ಏಪ್ರಿಲ್‌ನಲ್ಲಿ ದಾವಣಗೆರೆಯ ಹಿತ್ತಲುಗಳನ್ನು ನೋಡಬೇಕು. ಎರೆ ಮಣ್ಣು ಬಾಯಿ ಬಿಟ್ಟು ಕೂತಿರುತ್ತದೆ. ಬಿರುಕಿನೊಳಗೆ ಬೆರಳು ಹೋಗುತ್ತದೆ. ಹಸಿರು ಅನ್ನುವುದು ನಲ್ಲಿ ಸೋರುವ ಕಡೆ ಬಿಟ್ಟರೆ ಎಲ್ಲೂ ಇಲ್ಲ. ಆಮೇಲೆ ಒಂದು ಸಂಜೆ ಧೂಳೆಬ್ಬಿಸಿಕೊಂಡು ಗಾಳಿ ಬರುತ್ತದೆ, ಕರೆಂಟ್ ಹೋಗುತ್ತದೆ, ಮುಕ್ಕಾಲು ಗಂಟೆ ದಪ್ಪ ಹನಿಯ ಮಳೆ. ಅಷ್ಟೇ. ಐದಾರು ದಿನ ಬಿಟ್ಟು ಹಿಂದಿನ ಬಾಗಿಲು ತೆಗೆದರೆ ಹಿತ್ತಲೆಲ್ಲ ಹಸಿರು. ನಾವು ಒಂದು ಕಾಳೂ ಬಿತ್ತಿಲ್ಲ!

‘ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ’ ಅನ್ನುತ್ತಾರೆ. ಕಳೆಯ ಹೆಸರನ್ನೂ ಸೇರಿಸಬೇಕಿತ್ತು. ಭರಣಿ ಹುಟ್ಟುವುದು ಏಪ್ರಿಲ್ ಕೊನೆಯ ವಾರದಲ್ಲಿ. ಅದಕ್ಕೆ ಮುಂಚೆ ಅಶ್ವಿನಿ, ಆಮೇಲೆ ಕೃತ್ತಿಕೆ, ರೋಹಿಣಿ. ಮುಂಗಾರು ಹಿಡಿಯುವ ಮೊದಲು ಬಂದು ಹೋಗುವ ಈ ಮಳೆಗಳ ಆರೇಳು ವಾರದಲ್ಲಿ ಏನು ಮಾಡುತ್ತೀರಿ ಅನ್ನುವುದರ ಮೇಲೆ ದೀಪಾವಳಿವರೆಗಿನ ನಿಮ್ಮ ಬೆನ್ನುನೋವು ನಿಂತಿದೆ. ನಾನು ಇದನ್ನು ಕಲಿತದ್ದು ತಪ್ಪು ಮಾಡಿಯೇ.

ಮೊದಲ ವರ್ಷ, ಮಳೆ ಬಿದ್ದ ಮರುದಿನ ಬೆಳಿಗ್ಗೆಯೇ ಗುದ್ದಲಿ ಹಿಡಿದೆ. ಮಣ್ಣು ಮೆತ್ತಗಿತ್ತು, ಹುರುಪೂ ಇತ್ತು. ಎರಡು ದಿನದಲ್ಲಿ ಇಡೀ ಹಿತ್ತಲನ್ನು ಮೊಣಕಾಲುದ್ದ ಅಗೆದು ಮಗುಚಿದೆ. ಮೂರನೇ ದಿನ ಜಗಳೂರು ಕಡೆಯಿಂದ ದೊಡ್ಡಪ್ಪ ಬಂದಿದ್ದರು. ಹಿಂದಿನ ಮೆಟ್ಟಿಲ ಮೇಲೆ ಕೂತು ನೋಡಿದವರು, “ಏನಪ್ಪಾ, ಬಾವಿ ತೋಡ್ತಿದ್ದೀಯೇನು?” ಅಂದರು. ಕಳೆ ಬರಬಾರದು ಅಂತ ಅಗೆದಿದ್ದೇನೆ ಅಂದೆ. “ಹೊಲ ಹರಗ್ತಾರೋ, ಹಿಂಗೆ ಬುಡಮೇಲು ಮಾಡ್ತಾರಾ? ಮಲಗಿದ್ದನ್ನೆಲ್ಲ ಎಬ್ಬಿಸಿ ಕೂರಿಸಿದ್ದೀಯ” ಅಂತ ನಕ್ಕು ಚಹಾ ಕುಡಿದರು. ಹದಿನೈದೇ ದಿನದಲ್ಲಿ ಅಗೆಯದೆ ಬಿಟ್ಟ ಪಕ್ಕದ ಪಟ್ಟಿಗಿಂತ ಅಗೆದ ಜಾಗದಲ್ಲೇ ಕಳೆ ಜಾಸ್ತಿ ಬಂತು.

ಮಲಗಿದ್ದನ್ನು ಎಬ್ಬಿಸುವುದು. ದೊಡ್ಡಪ್ಪ ಹೇಳಿದ್ದು ಬರೀ ಮಾತಿನ ಚಂದಕ್ಕಲ್ಲ. ಮಣ್ಣಿನೊಳಗೆ ಆಗುವುದು ಅಕ್ಷರಶಃ ಅದೇ.

ಯಾವ ಹಿತ್ತಲಿನ ಮಣ್ಣೇ ಆಗಲಿ, ಅದು ಬೀಜದ ಕಣಜ. ಒಂದು ಮುಳ್ಳುಹರಿವೆ ಗಿಡವನ್ನು ಬಲಿಯಲು ಬಿಟ್ಟರೆ ಉದುರುವ ಬೀಜ ಒಂದು ಲಕ್ಷ ದಾಟಬಹುದು. ಅವೆಲ್ಲ ಒಂದೇ ವರ್ಷ ಮೊಳೆತರೆ ಅವುಗಳ ವಂಶವೇ ಮುಗಿಯುತ್ತದೆ. ಯಾಕೆಂದರೆ ಆ ವರ್ಷ ಮಳೆ ಕೈಕೊಟ್ಟರೆ ಎಲ್ಲವೂ ಒಣಗಿದವು ಅಂತಲೇ. ನಮ್ಮ ಸೀಮೆಯ ಮಳೆ ಎಂಥದ್ದು ಅಂತ ಚಳ್ಳಕೆರೆಯವರನ್ನು ಕೇಳಿ. ಅದಕ್ಕೇ ಕಳೆಗಳು ಸಾಲುಸಾಲಾಗಿ ಏಳುತ್ತವೆ. ಈ ವರ್ಷ ಒಂದಿಷ್ಟು, ಮುಂದಿನ ವರ್ಷ ಇನ್ನೊಂದಿಷ್ಟು. ಉಳಿದವು ಮಣ್ಣಿನಲ್ಲಿ ಸುಮ್ನೆ ಕಾಯುತ್ತವೆ. ಎಷ್ಟು ಕಾಲ? ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ 1879ರಲ್ಲಿ 20 ಬಾಟಲಿಗಳಲ್ಲಿ ಬಗೆಬಗೆಯ ಬೀಜ ತುಂಬಿ ಹೂತಿಟ್ಟಿದ್ದರು. 2021ರಲ್ಲಿ ಅದರಲ್ಲೊಂದನ್ನು ಅಗೆದು ತೆಗೆದು ನೀರು ಕೊಟ್ಟರೆ ಕೆಲವು ಬೀಜ ಮೊಳೆತೇ ಬಿಟ್ಟವು. 142 ವರ್ಷ! ನಮ್ಮ ಹಿತ್ತಲಿನ ಎಲ್ಲ ಕಳೆಗೂ ಅಷ್ಟು ಆಯಸ್ಸಿಲ್ಲ, ಆದರೆ ನಾಲ್ಕಾರು ವರ್ಷ ಕಾಯುವ ಬೀಜಗಳಿಗೆ ಬರವಿಲ್ಲ.

ಈ ಬೀಜಗಳಿಗೆ ಏಳುವ ಹೊತ್ತು ಗೊತ್ತಾಗುವುದು ಹೇಗೆ? ನೀರೊಂದೇ ಸಾಲದು. ಸಣ್ಣ ಬೀಜಗಳಲ್ಲಿ ಬಹುಪಾಲು ಬೆಳಕಿಗೆ ಕಾಯುತ್ತವೆ. ಬೀಜದೊಳಗೆ ಫೈಟೋಕ್ರೋಮ್ ಎಂಬ ಬಣ್ಣದ ವಸ್ತುವಿದೆ. ಬಿಸಿಲಿನ ಕೆಂಪು ಬೆಳಕು ತಾಗಿದರೆ ಅದು ಸ್ವಿಚ್ ಹಾಕಿದ ಹಾಗೆ ಬದಲಾಗುತ್ತದೆ. ತೇವ ಹೀರಿ ಉಬ್ಬಿದ ಬೀಜಕ್ಕೆ ಕ್ಷಣಮಾತ್ರದ ಬೆಳಕೂ ಸಾಕಾಗುವುದುಂಟು. ಅಂದರೆ ಮಳೆ ಬಿದ್ದ ಮರುದಿನ ಗುದ್ದಲಿಯಲ್ಲಿ ಮಣ್ಣು ಮಗುಚಿದಾಗ, ಕೆಳಗೆ ನೆನೆದು ಕೂತ ಬೀಜಗಳಿಗೆ ನಾವೇ ಬಿಸಿಲು ತೋರಿಸಿ, ತಿರುಗಿ ಮಣ್ಣು ಹೊದಿಸಿ ಮಲಗಿಸಿದ ಹಾಗಾಯಿತು. ಬಿತ್ತನೆ ಮಾಡುವುದು ಅಂದರೆ ಇನ್ನೇನು?

ಇದೇ ಸ್ವಿಚ್‌ಗೆ ಇನ್ನೊಂದು ಬುದ್ಧಿಯಿದೆ. ಹಸಿರೆಲೆ ಕೆಂಪು ಬೆಳಕನ್ನು ತಾನೇ ನುಂಗಿಬಿಡುತ್ತದೆ. ಹಾಗಾಗಿ ದಟ್ಟ ಎಲೆಯ ಕೆಳಗೆ ಬಿದ್ದಿರುವ ಬೀಜಕ್ಕೆ ‘ಮೇಲೆ ಯಾರೋ ಇದ್ದಾರೆ, ಈಗ ಬೇಡ’ ಅಂತ ಗೊತ್ತಾಗುತ್ತದೆ. ಕುಂಬಳ ಬಳ್ಳಿ ಹಬ್ಬಿದ ಜಾಗದಲ್ಲಿ ಕಳೆ ಕಡಿಮೆ ಯಾಕೆ ಅನ್ನುವುದಕ್ಕೆ ಅರ್ಧ ಉತ್ತರ ಇದು. ಉಳಿದರ್ಧ ನೆರಳು.

ಮೊದಲ ಮಳೆಯ ಕಳೆ ಅಷ್ಟು ಜೋರಾಗಿ ಬೆಳೆಯುವುದಕ್ಕೆ ಬೇರೆಯದೇ ಕಾರಣ ಇದೆ. ತಿಂಗಳುಗಟ್ಟಲೆ ಒಣಗಿದ ಮಣ್ಣಿಗೆ ಒಮ್ಮೆಲೇ ನೀರು ಬಿದ್ದರೆ, ಒಳಗಿನ ಸೂಕ್ಷ್ಮಜೀವಿಗಳು ಹುಚ್ಚೆದ್ದು ಕೆಲಸ ಶುರು ಮಾಡುತ್ತವೆ. ಬೇಸಿಗೆಯಲ್ಲಿ ಸತ್ತ ಜೀವಾಣುಗಳನ್ನು, ಒಣಗಿದ ಬೇರು ತರಗನ್ನು ಕೊಳೆಸಿ ಸಾರಜನಕ ಬಿಡುತ್ತವೆ. ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡಿದ ಬರ್ಚ್ ಎಂಬ ವಿಜ್ಞಾನಿ ಇದನ್ನು 1958ರಲ್ಲಿ ವಿವರಿಸಿದರು, ಇವತ್ತಿಗೂ ಅದಕ್ಕೆ ಅವರದೇ ಹೆಸರು. ನಮ್ಮ ಹಾಗೆಯೇ ಒಣಗಿ ನೆನೆಯುವ ನೆಲ ಅದು. ಈ ಪುಕ್ಕಟೆ ಗೊಬ್ಬರ ಕೆಲವೇ ದಿನ ಸಿಗುತ್ತದೆ. ಆ ಹೊತ್ತಿಗೆ ನಮ್ಮ ಬೆಂಡೆ, ಬದನೆ ಇನ್ನೂ ಪ್ಯಾಕೆಟ್ಟಿನಲ್ಲೇ ಇರುತ್ತವೆ. ಕಳೆ ಮುಂಚೆಯೇ ಬಂದು ಪಂಕ್ತಿಯಲ್ಲಿ ಕೂತು ಉಂಡೇಳುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಹರಗಬೇಕು. ಹೊಲದಲ್ಲಿ ಮೊದಲ ಮಳೆಗೆ ಎದ್ದ ಕಸವನ್ನು ಬಿತ್ತನೆಗೆ ಮುಂಚೆ ಕುಂಟೆ ಹೊಡೆದು ಕೊಲ್ಲುತ್ತಾರೆ. ನಮ್ಮ ಕಡೆ ಕಳೆಗೆ ಕಸ ಅಂತಲೇ ಅನ್ನುವುದು. ಕುಂಟೆಯ ಅಲಗು ಮಣ್ಣಿನ ಮೇಲ್ಪದರದಲ್ಲಷ್ಟೇ ಜಾರುತ್ತದೆ, ಮೊಳಕೆಯ ಬೇರು ಕತ್ತರಿಸುತ್ತದೆ, ಕೆಳಗಿನದನ್ನು ಮೇಲೆ ತರುವುದಿಲ್ಲ. ಹಿತ್ತಲಿನಲ್ಲಿ ಎತ್ತು, ಕುಂಟೆ ಇಲ್ಲ. ಅದೇ ಕೆಲಸವನ್ನು ಕಳೆ ಕೆರೆಯುವ ಕೈಸಲಕರಣೆ ಕುರ್ಚಿಗೆಯಲ್ಲೋ, ಹರಿತವಾದ ಸಲಿಕೆಯನ್ನು ಓರೆಯಾಗಿ ಹಿಡಿದೋ ಮಾಡಬಹುದು. ಒಂದಿಂಚು ಆಳ ಸಾಕು. ಕೆರೆಯಬೇಕು, ಅಗೆಯಬಾರದು.

ಹೊತ್ತು ಮುಖ್ಯ. ಮಳೆ ಬಿದ್ದ ಮೇಲೆ ಆರೇಳು ದಿನ ಸುಮ್ಮನಿರಿ. ಕಳೆ ಮೊಳೆಯಲಿ ಬಿಡಿ, ಅದು ಮೊಳೆಯುವುದೇ ನಮಗೆ ಬೇಕಾದ್ದು. ಎರಡೆಲೆ ಕಂಡಾಗ ಒಂದು ಚಿಟಿಕೆ ಮಣ್ಣು ಕೆದಕಿ ನೋಡಿ. ಬೇರು ಬಿಳಿ ದಾರದ ಎಳೆಯ ಹಾಗಿರುತ್ತದೆ, ಇನ್ನೂ ಕವಲೊಡೆದಿರುವುದಿಲ್ಲ. ಈ ಹಂತದಲ್ಲಿ ಒಂದು ಸಲ ಸಲಿಕೆ ಎಳೆದರೆ ನೂರಾರು ಗಿಡ ಮಧ್ಯಾಹ್ನದೊಳಗೆ ಸತ್ತಿರುತ್ತವೆ. ಅದೇ ಗಿಡವನ್ನು ಮೂರು ವಾರ ಬಿಟ್ಟು ಕೀಳಲು ಹೋದರೆ ಒಂದೊಂದಕ್ಕೂ ಬಗ್ಗಬೇಕು. ಮುಂದಿನ ಮಳೆ ಬಿದ್ದು ಎರಡನೇ ಸಾಲು ಎದ್ದಾಗ ಮತ್ತೆ ಹೀಗೇ. ಮಳೆ ತಡವಾದರೆ ನೀವೇ ಒಂದು ಸಲ ನೀರು ಹಾಯಿಸಿ ಎಬ್ಬಿಸಬಹುದು. ಎರಡು ಮೂರು ಸಲ ಹೀಗೆ ಹರಗಿ, ರೋಹಿಣಿ ಹೊತ್ತಿಗೆ, ಅಂದರೆ ಮೇ ಕೊನೆಯಲ್ಲಿ ತರಕಾರಿ ಹಾಕಿದರೆ ಮೇಲ್ಪದರದ ಕಣಜ ಬಹಳಷ್ಟು ಖಾಲಿಯಾಗಿರುತ್ತದೆ. ಕೆಳಗಿನದು ಮಲಗಿರಲಿ.

ಎರೆ ಮಣ್ಣಿದ್ದವರಿಗೆ ಒಂದು ಮಾತು. ಹದ ಬರುವವರೆಗೆ ಹಿತ್ತಲಿಗೆ ಕಾಲಿಡಬೇಡಿ. ಒಂದು ಮುಷ್ಟಿ ಮಣ್ಣು ಹಿಂಡಿ, ಉಂಡೆ ಮಾಡಿ, ಸೊಂಟದೆತ್ತರದಿಂದ ಬಿಡಿ. ಪುಡಿಯಾದರೆ ಹದ. ಬಿದ್ದು ಚಪ್ಪಟೆಯಾದರೆ ಇನ್ನೂ ಎರಡು ದಿನ ತಡೆಯಿರಿ, ಇಲ್ಲದಿದ್ದರೆ ತುಳಿದ ಜಾಗ ಇಟ್ಟಿಗೆ ಆಗುತ್ತದೆ. ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಮಸಾರಿ, ಅಂದರೆ ಕೆಂಪು ಮಣ್ಣಿಗೆ ಈ ಕಾಟವಿಲ್ಲ, ಒಂದೇ ದಿನದಲ್ಲಿ ನೀರಿಳಿಯುತ್ತದೆ. ಆದರೆ ಅಷ್ಟೇ ಬೇಗ ಗಟ್ಟಿಯಾಗುವುದರಿಂದ ಅಲ್ಲಿ ತಡ ಮಾಡುವ ಹಾಗಿಲ್ಲ. ಕೆರೆಯುವ ಕೆಲಸ ಬೆಳಿಗ್ಗೆಯೇ ಮುಗಿಸಿ, ಬಿಸಿಲು ಉಳಿದದ್ದನ್ನು ನೋಡಿಕೊಳ್ಳುತ್ತದೆ. ಸಂಜೆ ಮೋಡ ಕಟ್ಟುವ ಲಕ್ಷಣ ಇದ್ದರೆ ಆ ದಿನ ಬೇಡವೇ ಬೇಡ. ಗೋಣಿಸೊಪ್ಪು, ಕನ್ನೆಸೊಪ್ಪು ಎರಡೂ ಭಂಡ ಜಾತಿ, ಕಿತ್ತು ಬಿಸಾಡಿದ ಜಾಗದಲ್ಲೇ ರಾತ್ರಿ ಮಳೆಗೆ ಮತ್ತೆ ಬೇರು ಬಿಡುತ್ತವೆ.

ಇಷ್ಟು ಹೇಳಿದ್ದು ಬೀಜದ ಕಳೆಗೆ. ಇನ್ನೊಂದು ಜಾತಿ ಇದೆ. ಅದಕ್ಕೆ ಈ ಉಪಾಯ ಅರ್ಧ ಮಾತ್ರ ನಡೆಯುತ್ತದೆ.

ಮನೆ ಕಟ್ಟಿದ ವರ್ಷ ಹಿತ್ತಲಿಗೆ ಒಂದು ಟ್ರ್ಯಾಕ್ಟರ್ ಕೆರೆ ಗೋಡು ಹಾಕಿಸಿದ್ದೆ. ಕಪ್ಪಗೆ, ಎಣ್ಣೆ ಹಚ್ಚಿದ ಹಾಗೆ ಮಿರಿಮಿರಿ ಅನ್ನುವ ಗೋಡು. ಬಂದವರಿಗೆಲ್ಲ ತೋರಿಸಿ ಮೆರೆದೆ. ಮೊದಲ ಮಳೆಗೆ ಆ ಗೋಡಿನ ಮೇಲೆ ಸೂಜಿಯ ಹಾಗೆ ನೂರಾರು ಮೊಳಕೆ ಎದ್ದವು. ಹುಲ್ಲು ಅಂದುಕೊಂಡೆ. ಅದು ಜೇಕು. ಕೊನ್ನಾರಿ, ತುಂಗೆ ಅಂತಲೂ ಕರೆಯುತ್ತಾರೆ. ಗುರುತು ಹಿಡಿಯುವುದು ಸುಲಭ. ಹೂ ಬಿಟ್ಟ ದಂಟನ್ನು ಎರಡು ಬೆರಳಿನ ನಡುವೆ ಹೊಸೆದು ನೋಡಿ. ಹುಲ್ಲಿನ ದಂಟು ದುಂಡಗೆ ಉರುಳುತ್ತದೆ, ನಡುನಡುವೆ ಗೆಣ್ಣು ಸಿಗುತ್ತದೆ. ಜೇಕಿನದು ಮೂರು ಮೂಲೆ, ಉರುಳುವುದಿಲ್ಲ, ಗೆಣ್ಣೂ ಇಲ್ಲ.

ಎಳೆದರೆ ಎಷ್ಟು ಸಲೀಸಾಗಿ ಬರುತ್ತದೆ ಅಂದರೆ ಗೆದ್ದೆ ಅನ್ನಿಸುತ್ತದೆ. ನಾಲ್ಕು ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ನಿಂತಿರುತ್ತದೆ. ಒಂದು ಭಾನುವಾರ ಹಠ ಹಿಡಿದು, ಒಂದೇ ಒಂದು ಗಿಡವನ್ನು ಕಬ್ಬಿಣದ ಸಲಾಕೆಯಿಂದ ಸುತ್ತ ಸಡಿಲಿಸಿ, ಹಳೇ ಬ್ರಷ್‌ನಲ್ಲಿ ಮಣ್ಣು ತೆಗೆಯುತ್ತಾ ಹೋದೆ. ಬುಡದಲ್ಲಿ ಒಂದು ಗಡ್ಡೆ, ಶೇಂಗಾ ಬೀಜದಷ್ಟು. ಅದರಿಂದ ಕಪ್ಪು ತಂತಿಯಂಥ ಎಳೆ ಹೊರಟು ನಾಲ್ಕು ಬೆರಳಿನಾಚೆ ಇನ್ನೊಂದು ಗಡ್ಡೆ. ಅಲ್ಲಿಂದ ಮತ್ತೊಂದು. ಜಪಮಣಿ ಪೋಣಿಸಿದ ಹಾಗೆ ಹನ್ನೊಂದು ಸಿಕ್ಕವು, ಅಷ್ಟರಲ್ಲಿ ಎಳೆ ಕಾಂಪೌಂಡಿನ ಕೆಳಗೆ ನುಗ್ಗಿತು. ಮುರಿದರೆ ಒಳಗೆ ಬೆಳ್ಳಗೆ, ಘಮ್ಮೆನ್ನುವ ವಾಸನೆ. ಆಯುರ್ವೇದದ ಭದ್ರಮುಷ್ಟಿ ಇದೇ. ಹಂದಿಗಳಿಗೂ ಇದು ಬಲು ಇಷ್ಟ.

ಈ ಸರಪಳಿಯಲ್ಲೇ ಗುಟ್ಟಿರುವುದು. ಮೊಳೆತು ನಿಂತ ಗಡ್ಡೆ ಉಳಿದವುಗಳನ್ನು ಮಲಗಿಸಿಟ್ಟಿರುತ್ತದೆ. ಯಜಮಾನ ಇರುವವರೆಗೆ ಕಿರಿಯರು ತುಟಿ ಬಿಚ್ಚದ ಹಾಗೆ. ಗುದ್ದಲಿ ಬಿದ್ದು ಎಳೆ ತುಂಡಾಯಿತೋ, ಒಂದೊಂದು ಗಡ್ಡೆಯೂ ತನ್ನದೇ ಸಂಸಾರ ಹೂಡುತ್ತದೆ. ಹನ್ನೊಂದು ಗಡ್ಡೆ, ಹನ್ನೊಂದು ಗಿಡ. ಜೇಕಿನ ಜಾಗದಲ್ಲಿ ರೋಟರಿ ಟಿಲ್ಲರ್ ಓಡಿಸುವುದು ಅಂದರೆ ಗಡ್ಡೆಯನ್ನು ಹಿತ್ತಲಿಗೆಲ್ಲ ಹಂಚುವುದು.

ಅದರ ದೌರ್ಬಲ್ಯ ಎರಡು. ಒಂದು, ಒಣಗಿದರೆ ಗಡ್ಡೆ ತಾಳುವುದಿಲ್ಲ. ಗಡ್ಡೆಗಳು ಹೆಚ್ಚಾಗಿ ಮೇಲಿನ ಅರ್ಧ ಅಡಿಯಲ್ಲೇ ಇರುತ್ತವೆ. ಮಣ್ಣು ಹದವಾಗಿದ್ದಾಗ ಸಲಾಕೆಯಿಂದ ಎಬ್ಬಿಸಿ, ಎಳೆ ಹಿಡಿದು ಸರಪಳಿಯನ್ನೇ ಹೊರತೆಗೆದು, ಟೆರೇಸ್ ಮೇಲೆ ಹರಡಬೇಕು. ಮೇ ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಹದಿನೈದು ದಿನ ಬಿದ್ದ ಐದು ಗಡ್ಡೆಯನ್ನು ಪರೀಕ್ಷೆಗೆ ಕುಂಡದಲ್ಲಿ ನೆಟ್ಟೆ. ಒಂದೂ ಏಳಲಿಲ್ಲ. ನೆರಳಲ್ಲಿ ಚೀಲದೊಳಗೆ ಉಳಿದವು ಮಾತ್ರ ಚೀಲದಲ್ಲೇ ಮೊಳೆತಿದ್ದವು. ಎರಡನೆಯದು, ನೆರಳು ಅದಕ್ಕೆ ಆಗುವುದಿಲ್ಲ. ಉಳಿದ ಗಡ್ಡೆ ಎಲೆ ಬಿಟ್ಟಾಗಲೆಲ್ಲ ಹತ್ತು ದಿನಕ್ಕೊಮ್ಮೆ ನೆಲಮಟ್ಟಕ್ಕೆ ಕತ್ತರಿಸುತ್ತಾ ಬನ್ನಿ. ಪ್ರತಿ ಸಲ ಎಲೆ ಬಿಡಲು ಗಡ್ಡೆ ತನ್ನ ಗಂಟಿನಿಂದ ಖರ್ಚು ಮಾಡಬೇಕು, ಎಲೆ ನಿಲ್ಲದಿದ್ದರೆ ಗಳಿಕೆ ಇಲ್ಲ. ಮೇಲೆ ಗೆಣಸಿನ ಬಳ್ಳಿ ಹಬ್ಬಿಸಿದರೆ ಇನ್ನೂ ಒಳ್ಳೆಯದು. ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದರೆ ಹೋಗುತ್ತದೆ ಅಂತ ನಂಬಬೇಡಿ. ಜೇಕಿನ ಮೊಳಕೆ ಅದನ್ನು ಸೂಜಿಯ ಹಾಗೆ ಚುಚ್ಚಿ ಮೇಲೆ ಬರುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ.

ಗರಿಕೆಯೂ ಇದೇ ಗುಂಪಿನದು, ಗಣಪತಿಗೆ ಪ್ರಿಯ ಅನ್ನುವುದೊಂದೇ ಅದರ ಪುಣ್ಯ. ಮೇಲೆ ಹಬ್ಬುವ ಬಳ್ಳಿ, ನೆಲದೊಳಗೆ ಬೇರಿನ ಹಾಗೆ ಹರಿಯುವ ಕಾಂಡ, ಗೆಣ್ಣುಗೆಣ್ಣಿಗೂ ಬೇರು. ಮಳೆಯಾದ ಮೇಲೆ ಬಳ್ಳಿ ಹಿಡಿದು ನಿಧಾನಕ್ಕೆ ಎಳೆದರೆ ಮಾರುದ್ದ ಬರುತ್ತದೆ. ಪಕ್ಕದ ಖಾಲಿ ಸೈಟಿನಿಂದ ನುಗ್ಗುವುದಾದರೆ ಮನೆ ಕೆಲಸದಲ್ಲಿ ಉಳಿದ ಕಡಪ ಕಲ್ಲಿನ ತುಂಡುಗಳನ್ನು ಅಂಚಿಗೆ ಅರ್ಧ ಅಡಿ ಆಳ ನಿಲ್ಲಿಸಿ ಹೂಳಿ. ಎರಡು ವರ್ಷದಿಂದ ನನ್ನಲ್ಲಿ ಅದೇ ಕಾವಲು.

ಖಾಲಿ ಸೈಟು ಅಂದ ಕೂಡಲೇ ಕಾಂಗ್ರೆಸ್ ಗಿಡ ನೆನಪಾಗುತ್ತದೆ, ಅಂದರೆ ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು, ಈಗ ಅದಿಲ್ಲದ ಲೇಔಟ್ ಎಲ್ಲಿದೆ ಹೇಳಿ. ಮುಟ್ಟಿದರೆ ಕೆಲವರಿಗೆ ಚರ್ಮ ಕೆರೆತ, ಕೆಲವರಿಗೆ ಉಬ್ಬಸ. ಒಂದು ಗಿಡ 15,000ದಿಂದ 25,000 ಬೀಜ ಕೊಡುತ್ತದೆ, ಅಂದಮೇಲೆ ಹೂವಿಗೆ ಮುಂಚೆ ಕೀಳಬೇಕು ಅನ್ನುವುದು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಎಳೆಯದಿದ್ದಾಗ ಎಲೆಗಳು ನೆಲಕ್ಕೆ ಅಂಟಿಕೊಂಡು ಚಕ್ರದ ಹಾಗೆ ಹರಡಿರುತ್ತವೆ, ಕೊತ್ತಂಬರಿ ಸೊಪ್ಪಿನ ಅಣ್ಣನ ಹಾಗೆ. ಆಗಲೇ ಕೈಗೆ ಗ್ಲೌಸ್ ಹಾಕಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಒದ್ದೆ ನೆಲದಿಂದ ಬೇರು ಸಮೇತ ತೆಗೆಯಿರಿ. ಕುಡುಗೋಲಲ್ಲಿ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದೆ.

ಒಂದು ಸಹಾಯ ತಾನಾಗಿ ಬರುತ್ತದೆ, ಅದನ್ನು ಕೊಲ್ಲಬೇಡಿ. ಮಳೆ ಶುರುವಾದ ಮೇಲೆ ಈ ಗಿಡದ ಮೇಲೆ ಕೆನೆ ಬಣ್ಣದ, ಬೆನ್ನ ಮೇಲೆ ಕಂದು ಗೀರುಗಳ ಪುಟ್ಟ ದುಂಬಿ ಕಾಣುತ್ತದೆ. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟದ್ದು. ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗಿ ಮಳೆಗೆ ಎದ್ದು ಬರುತ್ತದೆ, ಎಲೆಯನ್ನು ತಿಂದು ಅಸ್ಥಿಪಂಜರ ಮಾಡುತ್ತದೆ. ಊರಿನ ಪಾರ್ಥೇನಿಯಂ ಅಷ್ಟನ್ನೂ ಮುಗಿಸುವ ತಾಕತ್ತು ಅದಕ್ಕಿಲ್ಲ. ಆದರೂ ಕೈಲಾದಷ್ಟು ಮಾಡುತ್ತದೆ.

ಹರಗಿ, ಗಿಡ ಹಾಕಿದ ಮೇಲೆ ನೆಲವನ್ನು ಬೆತ್ತಲೆ ಬಿಡಬಾರದು. ಮುಚ್ಚಿಗೆ ಹಾಕಿ. ಬೆಳಕು ತಾಗದ ಬೀಜ ಏಳುವುದಿಲ್ಲ ಅನ್ನುವುದು ಇಲ್ಲಿ ನಮ್ಮ ಪರ ಕೆಲಸ ಮಾಡುತ್ತದೆ. ಮೂರು ನಾಲ್ಕು ಇಂಚು ದಪ್ಪ ಇರಲಿ, ತೆಳ್ಳಗೆ ಉದುರಿಸಿದರೆ ಏನೂ ಉಪಯೋಗವಿಲ್ಲ. ನಮ್ಮ ಸೀಮೆಯಲ್ಲಿ ಸಾಮಗ್ರಿಗೇನು ಕೊರತೆ? ಮೆಕ್ಕೆಜೋಳದ ರವದಿ ಬೇಕಾದಷ್ಟಿದೆ, ಚನ್ನಗಿರಿ ಕಡೆ ಅಡಿಕೆ ಸಿಪ್ಪೆ, ಚಳ್ಳಕೆರೆ ಕಡೆ ಶೇಂಗಾ ಸಿಪ್ಪೆ. ಭತ್ತದ ಹುಲ್ಲು ಹಾಕಿದರೆ ಉಳಿದ ಕಾಳು ಮೊಳೆತು ಹಿತ್ತಲು ಗದ್ದೆಯಾಗುತ್ತದೆ, ನೋಡಿಕೊಂಡು ಹಾಕಿ. ಭತ್ತದ ಹೊಟ್ಟು ಗಾಳಿಗೆ ಪಕ್ಕದ ಮನೆಯವರ ಅಂಗಳ ಸೇರುತ್ತದೆ. ಕಳೆ ಜಾಸ್ತಿ ಇದ್ದ ಕಡೆ ಕೆಳಗೆ ನಾಲ್ಕೈದು ಪದರ ಹಳೇ ಪೇಪರ್ ಹಾಸಿ ನೀರು ಚಿಮುಕಿಸಿ, ಅದರ ಮೇಲೆ ಮುಚ್ಚಿಗೆ. ಗಿಡದ ಬುಡಕ್ಕೆ ಒಂದು ಗೇಣು ಜಾಗ ಬಿಡಿ. ಮಸಾರಿ ನೆಲದಲ್ಲಿ ಗೆದ್ದಲಿನ ಕಾಟ ಇದ್ದೇ ಇರುತ್ತದೆ, ವಾರಕ್ಕೊಮ್ಮೆ ಎತ್ತಿ ನೋಡಬೇಕು. ಗೊಬ್ಬರ ತರುವಾಗಲೂ ಹುಷಾರು. ಹಸಿ ಸಗಣಿಯಲ್ಲಿ ದನ ತಿಂದ ಹುಲ್ಲಿನ ಬೀಜ ಜೀವಂತ ಇರುತ್ತದೆ. ತಿಪ್ಪೆಯಲ್ಲಿ ಚೆನ್ನಾಗಿ ಕಾವೇರಿ, ಕಳಿತು, ಪುಡಿಯಾದ ಗೊಬ್ಬರವೇ ಬೇಕು.

ಎಲ್ಲವನ್ನೂ ಶತ್ರು ಅಂತ ನೋಡಬೇಡಿ. ಹೋದ ವರ್ಷ ನಾನು ಕಳೆ ಕಿತ್ತು ಗುಡ್ಡೆ ಹಾಕುತ್ತಿದ್ದಾಗ ಎದುರು ಮನೆಯ ಅಜ್ಜಿ ಗೇಟಿನ ಹತ್ತಿರ ನಿಂತು, “ಅಯ್ಯೋ ತಮ್ಮಾ, ಬಂಗಾರದಂಥ ಸೊಪ್ಪು ಚೆಲ್ತೀಯಲ್ಲೋ” ಅಂತ ಸೆರಗಿಗೆ ತುಂಬಿಕೊಂಡು ಹೋದರು. ಗೋಣಿಸೊಪ್ಪು, ಅಣ್ಣೆಸೊಪ್ಪು, ಹೊನಗೊನ್ನೆ, ಕನ್ನೆಸೊಪ್ಪಿನ ಕುಡಿ. ಸಂಜೆ ಒಂದು ಬಟ್ಟಲು ಬೆರಕೆ ಸೊಪ್ಪಿನ ಸಾರು ಬಂತು. ಈಗ ಮೊದಲ ಸಾಲು ಹರಗುವ ಮುಂಚೆ ಅವರಿಗೆ ಹೇಳಿ ಕಳಿಸುತ್ತೇನೆ. ಗೋಣಿಸೊಪ್ಪಿನ ಹಾಗೇ ನೆಲಕ್ಕೆ ಹಬ್ಬುವ ಇನ್ನೊಂದು ಗಿಡವಿದೆ. ದಂಟು ಮುರಿದಾಗ ಹಾಲು ಬಂದರೆ ಅದು ಗೋಣಿಯಲ್ಲ, ತಿನ್ನಬಾರದು. ಚರಂಡಿ ಪಕ್ಕದ್ದು, ಔಷಧ ಹೊಡೆದ ಜಾಗದ್ದು ಯಾವುದೂ ಬೇಡ.

ಔಷಧದ ವಿಷಯ ಬಂತು. ಅಂಗಡಿಯವರು ಕಳೆನಾಶಕದ ಬಾಟಲಿ ತೋರಿಸುತ್ತಾರೆ. ಗ್ಲೈಫೋಸೇಟ್ ಎಲೆಯಿಂದ ಬೇರಿಗಿಳಿದು ಕೊಲ್ಲುತ್ತದೆ ಅನ್ನುವುದು ನಿಜ. ಆದರೆ ಅದಕ್ಕೆ ಕಳೆ ಯಾವುದು, ನಿಮ್ಮ ದಾಸವಾಳ ಯಾವುದು ಗೊತ್ತಿಲ್ಲ. ಮೇಲಾಗಿ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ, ಕೀಟ ನಿಯಂತ್ರಣದ ಪರವಾನಗಿ ಇರುವವರ ಮೂಲಕವಲ್ಲದೆ ಯಾರೂ ಅದನ್ನು ಬಳಸಬಾರದು ಎಂದು ಆದೇಶ ಹೊರಡಿಸಿದೆ. 2,4-ಡಿ ಎಂಬ ಇನ್ನೊಂದು ಕಳೆನಾಶಕದ ವಿಷಯ ಇನ್ನೂ ನಾಜೂಕು, ಗಾಳಿಗೆ ತೇಲಿ ಹೋದ ಒಂದಿಷ್ಟು ಹನಿಗೇ ಟೊಮೆಟೊ ಎಲೆ ಮುರುಟುತ್ತದೆ. ಹತ್ತಡಿಯ ಪಾತಿಗೆ ಇದೆಲ್ಲ ಯಾಕೆ ಬೇಕು? ಉಪ್ಪು ಸುರಿಯುವವರೂ ಇದ್ದಾರೆ. ಕಳೆ ಸಾಯುತ್ತದೆ, ಜೊತೆಗೆ ನೆಲವೂ ಸಾಯುತ್ತದೆ. ಎರೆ ಮಣ್ಣಿನಿಂದ ಉಪ್ಪು ಬೇಗ ತೊಳೆದು ಹೋಗುವುದಿಲ್ಲ.

ಅಂಗಳದ ಟೈಲ್ಸ್ ಸಂದಿನಲ್ಲಿ ಏಳುವ ಕಳೆಗೆ ಕುದಿಯುವ ನೀರು ಸಾಕು. ಅಲ್ಲಿ ಮಣ್ಣು ಕಡಿಮೆ, ಬೇರು ಮೇಲೆಯೇ ಇರುತ್ತದೆ. ನಮ್ಮ ಮನೆಯಲ್ಲಿ ಅನ್ನ ಬಸಿದ ಗಂಜಿಯನ್ನು ಕುದಿ ಆರುವ ಮುಂಚೆ ಸಂದಿಗೆ ಹೊಯ್ಯುತ್ತೇವೆ. ಚಪ್ಪಲಿ ಹಾಕಿಕೊಂಡು ಹೊಯ್ಯಿರಿ.

ಕಿತ್ತದ್ದನ್ನು ಎಲ್ಲಿ ಹಾಕುವುದು? ಹೂ ಬಿಡದ ಬೀಜದ ಕಳೆ ನೇರ ಗಿಡದ ಬುಡಕ್ಕೆ, ಅದೂ ಮುಚ್ಚಿಗೆಯೇ. ಬೀಜ ಕಟ್ಟಿದ್ದು, ಗರಿಕೆ, ಜೇಕು ಇವು ಮಾತ್ರ ಗೊಬ್ಬರದ ಗುಂಡಿಗೆ ಹೋಗಕೂಡದು. ಮನೆಯ ಗುಂಡಿ ಅವನ್ನು ಕೊಲ್ಲುವಷ್ಟು ಕಾವೇರುವುದಿಲ್ಲ. ಟೆರೇಸ್ ಮೇಲೆ ಕಡ್ಡಿಯಾಗುವವರೆಗೆ ಒಣಗಿಸಿ, ಇಲ್ಲವೇ ಮುಚ್ಚಳವಿರುವ ಬಕೆಟ್ಟಿನ ನೀರಲ್ಲಿ ಒಂದು ತಿಂಗಳು ಮುಳುಗಿಸಿ ಕೊಳೆಸಿ. ಆ ನೀರನ್ನು ಹತ್ತು ಪಾಲು ನೀರಿಗೆ ಬೆರೆಸಿ ಗಿಡಕ್ಕೆ ಹಾಕಬಹುದು. ವಾಸನೆ ಮಾತ್ರ ಕೇಳಬೇಡಿ, ಮನೆಗೆ ನೆಂಟರು ಬರುವ ದಿನ ಮುಚ್ಚಳ ತೆಗೆಯಬಾರದು.

ನನ್ನ ಹಿತ್ತಲಿನಲ್ಲಿ ಈಗ ಬೀಜದ ಕಳೆ ಹೇಳಿಕೊಳ್ಳುವಷ್ಟಿಲ್ಲ. ಕಾಂಪೌಂಡಿನ ಕೆಳಗೆ ನುಗ್ಗಿದ ಆ ಹನ್ನೆರಡನೇ ಗಡ್ಡೆ ಮಾತ್ರ ಪ್ರತಿ ಭರಣಿಗೂ ಅದೇ ಮೂಲೆಯಲ್ಲಿ ಎಲೆ ಬಿಡುತ್ತದೆ. ಈ ಸಲವೂ ಬಂದಿದೆ, ಮೂರು ಕಡ್ಡಿ. ಹತ್ತು ದಿನಕ್ಕೊಮ್ಮೆ ಕತ್ತರಿ ತೆಗೆದುಕೊಂಡು ಹೋಗುತ್ತೇನೆ.